ಹಲಸಿನ ಕಪಾಟು ಇಳಿಸಿದ ಮೇಲೆ ಹತ್ತಿದ ಗುಡ್ಡೆ

ಕಳೆದ ವಾರ ನಮ್ಮ ಮಾರ್ಷಲ್ ಜೀಪಿನ ಒಳಗಿನ ಸಾಮಾನನ್ನೆಲ್ಲ ತೆಗೆದು ಅಂಗಳದಲ್ಲಿ ಹರಡಿದೆವು. ಒಂದು ಕಡೆ ಈ ವರ್ಷದ ಮೊದಲ ಕೊಯ್ಲಿನ ಅಡಿಕೆ. ಇನ್ನೊಂದು ಕಡೆ ಗಾಡಿಯ ಹಾಸಿಗೆ, ಹಲಗೆ, ಒಲೆ, ನೀರಿನ ಕ್ಯಾನು. ಅಡಿಕೆ ಸುಲಿಯುವ ಲೆಕ್ಕ ಮಾತಾಡಲು ಬಂದ ಹುಡುಗ ಅಡಿಕೆ ಬಿಟ್ಟು ಗಾಡಿಯನ್ನೇ ಒಂದು ಸುತ್ತು ನೋಡಿದ. "ಅಣ್ಣಾ, ನೀವಿಬ್ಬರೂ ಇದರೊಳಗೇ ಮಲಗ್ತೀರಾ?" ಅಂತ ಕೇಳಿದ. ಆಮೇಲೆ ಇಂಥದ್ದೊಂದು ಮಾಡಿಸಲು ಏನೇನು ಬೇಕು ಅಂತ ಶುರು ಮಾಡಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ತೋಟ ಇದೆ, ಎರಡು ಹಸು ಇವೆ. ಹಸು ಇದ್ದವರಿಗೆ ಗೊತ್ತು, ಎರಡು ರಾತ್ರಿಗಿಂತ ಜಾಸ್ತಿ ಮನೆ ಬಿಡಲು ಆಗುವುದಿಲ್ಲ. ಹಾಲು ಕರೆಯಲು ಯಾರನ್ನಾದರೂ ಒಪ್ಪಿಸಿದರೂ ಮೂರನೇ ದಿನ ನನ್ನ ಹೆಂಡತಿಯ ಮನಸ್ಸು ಕೊಟ್ಟಿಗೆಯಲ್ಲೇ ಇರುತ್ತದೆ. ಹಾಗಾಗಿ ಲಡಾಖ್, ಸ್ಪಿಟಿ ನಮಗಲ್ಲ. ನಮ್ಮ ತಿರುಗಾಟವೆಲ್ಲ ಪೊಸಡಿಗುಂಪೆ, ಬಂದಡ್ಕ, ಪಾಣತ್ತೂರು, ಅಲ್ಲಿಂದ ಕರಿಕೆ ದಾಟಿದರೆ ಭಾಗಮಂಡಲ. ಅಷ್ಟೇ. ಆದರೆ ಈ ಅಷ್ಟರೊಳಗೇ ಡಾಮರು ಕಾಣದ ದಾರಿ ಎಷ್ಟಿದೆ ಅಂದರೆ, ಆರು ವರ್ಷ ತಿರುಗಿದರೂ ಮುಗಿದಿಲ್ಲ.

ಗಾಡಿ 2003ರ ಮಹೀಂದ್ರ ಮಾರ್ಷಲ್, ಫೋರ್ ವೀಲ್ ಡ್ರೈವ್. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಿಲ್, ಎಲೆ ಸ್ಪ್ರಿಂಗ್. ಕೆಟ್ಟರೆ ಬೇಡಡ್ಕದಂಥ ಹಳ್ಳಿಯಲ್ಲೂ ರಿಪೇರಿ ಆಗುತ್ತದೆ. ಹೊರದೇಶಗಳಲ್ಲಿ ಇಂಥ ದಾರಿ ಹತ್ತಿ ಗಾಡಿಯಲ್ಲೇ ಮಲಗುವುದಕ್ಕೆ ಹೆಸರಾದ ವ್ಯಾನುಗಳಿವೆ. ಫೋಕ್ಸ್‌ವ್ಯಾಗನ್‌ನ ಸಿಂಕ್ರೊ ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ ತಯಾರಾಗುತ್ತಿತ್ತು. ಹಳೆಯ ಮಿತ್ಸುಬಿಷಿ ಡೆಲಿಕಾದ ಅಡಿಯಲ್ಲಿದ್ದದ್ದು ಪಜೆರೋದ ಯಂತ್ರಭಾಗಗಳೇ. ಅವುಗಳ ವಿಡಿಯೊ ನೋಡಿಯೇ ನನಗೂ ಈ ಆಸೆ ಹುಟ್ಟಿದ್ದು. ಆದರೆ ನಮ್ಮ ಗುಡ್ಡೆಗಳನ್ನು ಮೊದಲಿನಿಂದ ಹತ್ತಿದ್ದು ಮಹೀಂದ್ರ ಜೀಪುಗಳೇ ಅಲ್ವಾ? ರಬ್ಬರು, ಅಡಿಕೆ, ಮದುಮಗಳು, ಹೆರಿಗೆಯ ಹೆಂಗಸು, ಎಲ್ಲರನ್ನೂ ಹೊತ್ತದ್ದು ಅವೇ.

ಮಾರ್ಷಲ್‌ನಲ್ಲಿ ನನಗೆ ಇಷ್ಟವಾದದ್ದು ಹಿಂದಿನ ಎದುರುಬದುರು ಬೆಂಚು. ಮೇಲೆ ಮಡಚಿದರೆ ಸಾಮಾನಿಗೆ ಜಾಗ, ಕೆಳಗೆ ಇಳಿಸಿ ನಡುವೆ ಹಲಗೆ ಇಟ್ಟರೆ ಮಂಚ. ಏನನ್ನೂ ಕೊಯ್ಯಬೇಕಾಗಿಲ್ಲ, ವೆಲ್ಡಿಂಗ್ ಬೇಕಾಗಿಲ್ಲ. ಇದು ಬಹಳ ಮುಖ್ಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ರೂಪವನ್ನು ನಮ್ಮ ಇಷ್ಟದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು, ಅದೂ ಕೇರಳದಿಂದಲೇ ಹೋದ ಕೇಸಿನಲ್ಲಿ. 2021ರಲ್ಲಿ ಕಣ್ಣೂರಿನಲ್ಲಿ ಒಂದು ಕ್ಯಾಂಪರ್ ವ್ಯಾನ್ ವಶಪಡಿಸಿಕೊಂಡಾಗ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯ ಕೆಎಲ್ 14 ನಂಬರಿನ ಗಾಡಿ ಇಟ್ಟುಕೊಂಡವರು ಗಾಡಿಯ ಮಾಡನ್ನು (ಛಾವಣಿಯನ್ನು) ಕೊಯ್ದು ಎತ್ತರಿಸುವುದು, ಸೀಟು ಕಿತ್ತು ಅಡುಗೆಮನೆ ಮಾಡುವುದು, ಇದೆಲ್ಲ ಯೋಚಿಸುವ ಮೊದಲು ಇದನ್ನು ತಿಳಿದಿರಬೇಕು. ನಮ್ಮದು ಹಳೆಯ ಗಾಡಿ. 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ನಿಲ್ಲಿಸಬೇಕು. ಆ ದಿನ ಹಲಗೆಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ಅಲ್ಲಿ ನಿಲ್ಲುವುದು ಬರೀ ಮಾರ್ಷಲ್.

ಆದರೆ ಮೊದಲ ಸಲ ನಾನು ಹೀಗೆ ಮಾಡಿರಲಿಲ್ಲ. ಅದನ್ನು ಹೇಳಬೇಕು.

ತೋಟದ ಬದಿಯಲ್ಲಿ ಒಂದು ಹಲಸಿನ ಮರ ಗಾಳಿಗೆ ಬಿದ್ದಿತ್ತು. ಕೊಯ್ಸಿ ಇಟ್ಟ ಹಲಗೆ ಮನೆಯ ಅಟ್ಟದಲ್ಲಿ ಒಣಗಿತ್ತು. ಅದರಲ್ಲೇ ಗಾಡಿಗೆ ಕಪಾಟು ಮಾಡಿಸಿದೆ. ನಮ್ಮ ಆಚಾರಿ ಹತ್ತು ದಿನ ಕೂತು ಮಾಡಿದರು. ಎಡಬದಿಗೆ ನಾಲ್ಕು ಖಾನೆ, ಮೇಲೆ ಪಾತ್ರೆ ಇಡುವ ಜಾಗ, ಕೆಳಗೆ 40 ಲೀಟರಿನ ಸ್ಟೀಲ್ ನೀರಿನ ಡ್ರಮ್ಮು. ಒಂದೂ ಮೊಳೆ ಕಾಣದ ಕೆಲಸ. ಎಣ್ಣೆ ಹಚ್ಚಿದ ಮೇಲೆ ಅರಸಿನ ಬಣ್ಣ ಎದ್ದು ಬಂತು. ಗಾಡಿಯ ಬಾಗಿಲು ತೆರೆದರೆ ಹಲಸಿನ ಮರದ ವಾಸನೆ. ನಾನು ಅದನ್ನು ಸುಮ್ನೆ ನೋಡುತ್ತಾ ನಿಂತ ದಿನಗಳಿವೆ.

ಆ ಅಕ್ಟೋಬರಿನಲ್ಲಿ ಬಂದಡ್ಕದ ಆಚೆ ಗುಡ್ಡೆಯ ತುದಿಯಲ್ಲಿರುವ ಪರಿಚಯದ ಮನೆಗೆ ಹೊರಟೆವು. ಮಧ್ಯಾಹ್ನ ದಾರಿ ಒಣಗಿತ್ತು. ಸಂಜೆ ಐದಕ್ಕೆ ತುಲಾ ತಿಂಗಳ ಗುಡುಗು ಮಳೆ ಹೊಡೆಯಿತು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ದಾರಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಣಗಿದಾಗ ಮೇಲಿನ ಸಣ್ಣ ಜಲ್ಲಿ ಕಾಲಿನಡಿ ಉರುಳುತ್ತದೆ. ಒದ್ದೆಯಾದಾಗ ಪಾಚಿ ಹಿಡಿದ ಕಲ್ಲು ಸಾಬೂನಿನ ಹಾಗೆ. ಮೂರನೇ ತಿರುವಿನಲ್ಲಿ ಗಾಡಿ ನಿಂತಿತು. ನಿಧಾನಕ್ಕೆ ಜಾಸ್ತಿ ಬಲ ಕೊಡುವ ಲೋ ರೇಂಜ್ ಹಾಕಿದ್ದೆ, ಫೋರ್ ವೀಲ್ ಹಾಕಿದ್ದೆ. ಚಕ್ರ ತಿರುಗುತ್ತಿತ್ತು, ಗಾಡಿ ಎಡಕ್ಕೆ ಜಾರುತ್ತಿತ್ತು. ಎಡಕ್ಕೆ ತೋಡು, ಅಂದರೆ ನೀರು ಹರಿಯುವ ಹಳ್ಳ. ಕಪಾಟು ಇದ್ದದ್ದೂ ಎಡಕ್ಕೇ. ಮಾಡಿನವರೆಗೆ ಹೋದ ಆ ಭಾರ ಗಾಡಿಯನ್ನು ವಾಲಿಸುವುದು ನನ್ನ ಸೊಂಟಕ್ಕೆ ಗೊತ್ತಾಗುತ್ತಿತ್ತು. ಹೆಂಡತಿ ಏನೂ ಮಾತಾಡಲಿಲ್ಲ. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಮೇಲಿನ ಮನೆಯವರು ಒಬ್ಬ ಹಳೆಯ ಜೀಪ್ ಡ್ರೈವರನ್ನು ಕರೆದುಕೊಂಡು ಟಾರ್ಚ್ ಹಿಡಿದು ಇಳಿದು ಬಂದರು. ಆ ದಾರಿಯಲ್ಲಿ ಮೂವತ್ತು ವರ್ಷ ಜೀಪ್ ಓಡಿಸಿದವರು ಅವರು. ಗಾಡಿ ಹತ್ತುವ ಮೊದಲು ದಾರಿಯನ್ನು ಮೇಲಿನವರೆಗೆ ನಡೆದು ನೋಡಿ ಬಂದರು. ಆಮೇಲೆ ಹಿಂದಿನ ಬಾಗಿಲು ತೆರೆದರು. ಕಪಾಟಿನ ಮೇಲೆ ಕೈ ಇಟ್ಟು, "ಇದು ಮನೆಗೆ ಚೆಂದ" ಅಂದರು. ಅಷ್ಟೇ. ನಾಲ್ಕು ಜನ ಸೇರಿ ಮಳೆಯಲ್ಲಿ ಅದನ್ನು ಇಳಿಸಿದೆವು. ಡ್ರಮ್ಮಿನ ನೀರು ಚೆಲ್ಲಿದೆವು. ಟೈರಿನ ಗಾಳಿ 32ರಿಂದ 22ಕ್ಕೆ ತಂದರು. ನಾನು ಲೋ ರೇಂಜಿನ ಒಂದನೇ ಗೇರಿನಲ್ಲಿ ಹೆಣಗಾಡಿದ್ದೆ, ಅವರು ಎರಡನೇ ಗೇರಿನಲ್ಲಿ ಹೊರಟರು. ಒಂದನೇ ಗೇರಿನಲ್ಲಿ ಬಲ ಜಾಸ್ತಿ, ಅದಕ್ಕೇ ಚಕ್ರ ಸುಮ್ನೆ ತಿರುಗುತ್ತದೆ ಅಂದರು. ಗಾಡಿ ಸದ್ದಿಲ್ಲದೆ ಹತ್ತಿತು.

ಮನೆಗೆ ಬಂದ ಮೇಲೆ ಕಪಾಟಿನ ಒಂದೊಂದೇ ಭಾಗವನ್ನು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ತೂಗಿದೆ. 142 ಕೆಜಿ. ನೀರು 40. ಡ್ರಮ್ಮು, ಮಿಕ್ಸಿ, ಎರಡು ಕಬ್ಬಿಣದ ಬಾಣಲೆ, ಹಳೆಯ ಲೆಡ್ ಬ್ಯಾಟರಿ, ಎಲ್ಲ ಸೇರಿಸಿದರೆ ಮೂರು ಜನ ದೊಡ್ಡವರನ್ನು ಯಾವಾಗಲೂ ಗಾಡಿಯ ಒಂದೇ ಪಕ್ಕಕ್ಕೆ ಕಟ್ಟಿಕೊಂಡು ತಿರುಗಿದ ಹಾಗಾಯಿತು. ಫೋರ್ ವೀಲ್ ಡ್ರೈವ್ ಅಂದರೆ ನಾಲ್ಕೂ ಚಕ್ರ ಯಾವಾಗಲೂ ದೂಡುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ ಲಾಕ್ ಇಲ್ಲದಿದ್ದರೆ ಅದು ಸುಲಭವಾಗಿ ತಿರುಗುವ ಚಕ್ರವನ್ನೇ ತಿರುಗಿಸುತ್ತದೆ. ಮುಂದಿನದೊಂದು, ಹಿಂದಿನದೊಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಗಾಡಿ ಅಲ್ಲೇ. ಭಾರ ಒಂದೇ ಬದಿಗೆ ವಾಲಿದರೆ ಆಚೆ ಬದಿಯ ಎರಡೂ ಚಕ್ರ ಹಗುರವಾಗುತ್ತದೆ. ನನಗೆ ಆಗಿದ್ದು ಅದೇ.

ಎರಡನೇ ಸಲ ಆಚಾರಿಗೆ ಹೇಳಿದ್ದು ಒಂದೇ ಮಾತು, ಒಬ್ಬನೇ ಎತ್ತಿ ಇಳಿಸುವ ಹಾಗಿರಬೇಕು. ಮಂಚಕ್ಕೆ ಅಡಿಕೆ ಮರದ ಸಲಕೆ ಹಾಕಿದೆವು. ನಮ್ಮಲ್ಲಿ ಇದಕ್ಕೆ ದುಡ್ಡೇ ಬೇಡ. ಹಳೆಯ ಮರ ಸೀಳಿ, ಒಳಗಿನ ತಿರುಳು ಕೆತ್ತಿ, ಹೊರಗಿನ ಗಟ್ಟಿ ಭಾಗ ಮಾತ್ರ ಇಟ್ಟುಕೊಳ್ಳುವುದು. ಎರಡು ಬೆರಳು ಅಗಲದ ಪಟ್ಟಿಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೆಣೆದರೆ ಚಾಪೆಯ ಹಾಗೆ ಸುತ್ತಿ ಇಡಬಹುದು. ಭಾರ ಹಾಕಿದರೆ ಸ್ವಲ್ಪ ಬಳುಕುತ್ತದೆ, ಬೆನ್ನಿಗೆ ಹಿತ. ಅಡಿಯಿಂದ ಗಾಳಿ ಆಡುತ್ತದೆ. ಖಾನೆಗಳಿಗೆ 12 ಮಿಲಿಮೀಟರಿನ ಮರೀನ್ ಪ್ಲೈವುಡ್. ಲಿಥಿಯಂ ಬ್ಯಾಟರಿ ಹಾಕಿದೆ, ಹಳೆಯದರ ಅರ್ಧ ತೂಕವೂ ಇಲ್ಲ. ನೀರಿಗೆ ಹತ್ತು ಲೀಟರಿನ ಎರಡು ಕ್ಯಾನು, ಒಂದು ಎಡಕ್ಕೆ, ಒಂದು ಬಲಕ್ಕೆ, ನೆಲಕ್ಕೆ ತಾಗಿ. ನೀರು ಬಿಟ್ಟು ಒಟ್ಟು 58 ಕೆಜಿ. ಹಲಸಿನ ಕಪಾಟು ಈಗ ಅಡುಗೆಮನೆಯಲ್ಲಿದೆ.

ಮಳೆಗಾಲದ ಬಗ್ಗೆ ಹುಡುಗ ತುಂಬ ಕೇಳಿದ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮುಚ್ಚಿದ ಗಾಡಿಯಲ್ಲಿ ಇಬ್ಬರು ಮಲಗಿದರೆ ಉಸಿರಿನ ನೀರೇ ಬೆಳಗ್ಗೆ ಮಾಡಿನಿಂದ ತೊಟ್ಟಿಕ್ಕುತ್ತದೆ. ಎರಡೂ ಬದಿಯ ಗಾಜು ಎರಡು ಬೆರಳು ತೆರೆದು ಸೊಳ್ಳೆಬಲೆ ಹಾಕಿ. ಒಲೆ ಮಾತ್ರ ಯಾವತ್ತೂ ಒಳಗೆ ಬೇಡ, ಎಷ್ಟೇ ಮಳೆ ಇರಲಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಿಂದಿನ ಬಾಗಿಲಿಗೆ ಟಾರ್ಪಾಲು ಕಟ್ಟಿ ಅದರಡಿ ಹೊರಗೆ ಕಾಫಿ ಮಾಡುತ್ತೇವೆ.

ಇನ್ನು ಹೊಳೆ. ಒಂದು ಸಲ ಗುಡ್ಡೆ ಇಳಿದು ಬಂದವನು ನಿಲ್ಲಿಸದೆ ನೇರ ಹೊಳೆ ದಾಟಿದೆ. ಮೊಣಕಾಲು ನೀರು, ಏನೂ ಆಗಲಿಲ್ಲ ಅಂದುಕೊಂಡೆ. ತಿಂಗಳ ಮೇಲೆ ಹಿಂದಿನ ಆಕ್ಸಿಲಿನಿಂದ ಗುಂಯ್ ಅಂತ ಸದ್ದು. ಅಡಿಯ ಬೋಲ್ಟ್ ಬಿಚ್ಚಿದರೆ ಆಯಿಲ್ ಬದಲು ಹಾಲು ಜಾಸ್ತಿಯಾದ ಚಹಾದ ಹಾಗೆ ಏನೋ ಇಳಿಯಿತು. ಬೆರಳಲ್ಲಿ ಉಜ್ಜಿದರೆ ಜಿಗುಟೇ ಇಲ್ಲ. ಬಿಸಿಯಾದ ಆಕ್ಸಿಲ್ ಫಕ್ಕನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಈಗ ದಡದಲ್ಲಿ ಒಂದು ಹೊತ್ತು ನಿಲ್ಲಿಸುತ್ತೇನೆ, ಕೋಲು ಹಿಡಿದು ನೀರಿಗೆ ಇಳಿದು ಆಳ ನೋಡುತ್ತೇನೆ. ಆಕ್ಸಿಲಿನ ಉಸಿರು ಕೊಳವೆಗೆ ಉದ್ದದ ಪೈಪ್ ಹಾಕಿ ಮೇಲಕ್ಕೆ ಕಟ್ಟಿದ್ದೇನೆ.

ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ. ಪದವಿಗೆ, ಅಂದರೆ ಗುಡ್ಡೆಯ ಮೇಲಿನ ಬೋಳು ಮುರಕಲ್ಲಿನ ಬಯಲಿಗೆ, ಗಾಡಿ ಇಳಿಸಬೇಡಿ. ಬೇಸಿಗೆಯಲ್ಲಿ ನೋಡಿದರೆ ಅದು ಬರೀ ಕರಿ ಕಲ್ಲಿನ ಬಯಲು, ಗಾಡಿ ಓಡಿಸಲು ಹೇಳಿ ಮಾಡಿಸಿದ ಹಾಗೆ. ಆಗಸ್ಟಿನಲ್ಲಿ ಹೋಗಿ ನೋಡಿ. ಕಲ್ಲಿನ ಮೇಲೆ ಒಂದು ಬೆರಳು ದಪ್ಪದ ಮಣ್ಣು, ಅದರಲ್ಲಿ ಇಡೀ ಬಯಲಿಗೆ ನೀಲಿ ಹೂವು. ಮಲಯಾಳದಲ್ಲಿ ಕಾಕ್ಕಪ್ಪೂ ಅನ್ನುತ್ತಾರೆ, ಓಣಂ ಹೂಕಳಕ್ಕೆ (ಹೂವಿನ ರಂಗೋಲಿಗೆ) ಕೊಯ್ಯುತ್ತಾರೆ. ಸಣ್ಣ ಹುಳಗಳನ್ನು ಹಿಡಿದು ಬದುಕುವ ಗಿಡ ಅದು. ಎರಡು ಗಾಡಿ ನಾಲ್ಕು ಸಲ ಸುತ್ತು ಹಾಕಿದರೆ ಆ ಬೆರಳು ದಪ್ಪದ ಮಣ್ಣು ಕಿತ್ತು ನೀರಲ್ಲಿ ಹೋಗುತ್ತದೆ. ನಮ್ಮ ಮನೆಯ ಹತ್ತಿರದ ಪದವಿನಲ್ಲಿ ಮೂರು ವರ್ಷದ ಹಿಂದೆ ಯಾರೋ ಬಿಟ್ಟ ಚಕ್ರದ ಗುರುತಿನಲ್ಲಿ ಇವತ್ತಿಗೂ ಹೂವು ಬಂದಿಲ್ಲ. ಮನೆಗಳಿಗೆ ಹೋಗುವ ಕೆಟ್ಟ ದಾರಿಗಳೇ ಬೇಕಾದಷ್ಟಿವೆ. ಕೇಳಿ ಹೋಗಿ, ಅಂಗಳದಲ್ಲಿ ಜಾಗ ಕೊಡುತ್ತಾರೆ.

ಕಳೆದ ತಿಂಗಳು ಬಂದಡ್ಕದ ಆಚೆಯ ಅದೇ ಮನೆಗೆ ಮತ್ತೆ ಹೋಗಿದ್ದೆವು. ದಾರಿ ಒದ್ದೆಯೇ ಇತ್ತು. ಮೊದಲು ನಡೆದು ನೋಡಿದೆ, ಗಾಳಿ ಇಳಿಸಿದೆ, ಎರಡನೇ ಗೇರಿನಲ್ಲಿ ಹತ್ತಿದೆ. ಮೂರನೇ ತಿರುವಿನಲ್ಲಿ ಹೆಂಡತಿ ಕಿಟಕಿಯಿಂದ ಹೊರಗೆ ತೋಡು ನೋಡಿದಳು. ಬಾಗಿಲ ಹಿಡಿ ಹಿಡಿಯಲಿಲ್ಲ. ರಾತ್ರಿ ಅವರ ಅಂಗಳದಲ್ಲಿ ಮಲಗಿದೆವು. ಬೆಳಗ್ಗೆ ಹೊರಡುವಾಗ ಆ ಮನೆಯ ಅಜ್ಜಿಗೆ ಬಂದಡ್ಕಕ್ಕೆ ಬರಬೇಕಿತ್ತು, ಮಗನಿಗೆ ಎರಡು ಕಟ್ಟು ರಬ್ಬರ್ ಶೀಟು ಕಳಿಸಬೇಕಿತ್ತು. ಸಲಕೆಯ ಮಂಚ ಸುತ್ತಿ ಬದಿಗಿಟ್ಟೆವು. ಅಜ್ಜಿ ಬೆಂಚಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಶೀಟಿನ ಕಟ್ಟಿನ ಮೇಲೆ ಕಾಲಿಟ್ಟು, "ಹೊರಡಿ ಮಗಾ" ಅಂದರು.