ಪಾತ್ರೆ ಮೇಲಿನ ಹೆಸರು

17 ನವೆಂಬರ್ 2024, ಭಾನುವಾರ
ಸರಸ್ವತಿಪುರಂ, ಮೈಸೂರು

ರಾತ್ರಿ ಹನ್ನೊಂದಾಯಿತು. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಹುಣಸೆಹಣ್ಣಿನ ವಾಸನೆ ಹೋಗಿಲ್ಲ. ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಕಪ್ಪು ಹಾಗೇ ಇದೆ.

ತುಳಸಿ ಹಬ್ಬ ಮುಗಿಯಲಿ, ಆಮೇಲೆ ಅಟ್ಟಕ್ಕೆ ಕೈ ಹಾಕೋಣ ಅಂದುಕೊಂಡಿದ್ದೆ. ಇವತ್ತು ಹಾಕಿದೆ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಶುರು. ಅಷ್ಟರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಡಬೇಕು ಅಂತ ಅತ್ತೆ ಹೇಳಿಬಿಟ್ಟಿದ್ದಾರೆ. ಈ ಮನೆ ನಲವತ್ತು ಅರವತ್ತರ ಸೈಟಿನದು. ಹೋಗುವ ಫ್ಲ್ಯಾಟು 950 ಚದರ ಅಡಿ. ಅಟ್ಟವೇ ಇಲ್ಲ. ಮಹಡಿ ಹತ್ತಿ ಇಳಿದು ಇವರ ಮಂಡಿ ಸೋತಿದೆ, ಹೋಗಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಬಟ್ಟೆ, ಬೀರು, ಹಳೆ ಮಂಚ ಎಲ್ಲಾ ಸಲೀಸಾಗಿ ಹೋದವು. ಪಟ್ಟದ ಗೊಂಬೆ ನಮ್ಮ ಜೊತೆಗೇ ಬರುತ್ತವೆ. ಅತ್ತೆಗೆ ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ಅದು. ಅಲ್ಲಿ ಒಂಬತ್ತು ಮೆಟ್ಟಿಲು ಕಟ್ಟೋಕಾಗಲ್ಲ, ಮೂರು ಕಟ್ಟಿದರಾಯಿತು.

ಸಿಕ್ಕಿಹಾಕಿಕೊಂಡಿದ್ದು ಪಾತ್ರೆಗಳಲ್ಲಿ.

ಎರಡು ಗೋಣಿಚೀಲ, ಒಟ್ಟು 43. ಕೊಳದಪ್ಪಲೆ, ಹಂಡೆ, ಗಂಗಾಳ, ತಂಬಿಗೆ, ಹರಿವಾಣ. ಒಳಗಿನ ಕಲಾಯಿ ಪೂರ್ತಿ ಮಾಸಿದೆ. ಕಲಾಯಿಯವರು ಬೀದಿಗೆ ಬಂದು ಎಷ್ಟು ವರ್ಷವಾಯಿತೋ. ನವಸಾಗರದ ಆ ಬಿಳಿ ಹೊಗೆ, ಕಾದ ಪಾತ್ರೆಗೆ ತವರ ಮುಟ್ಟಿಸಿ ಬಟ್ಟೆಯಲ್ಲಿ ಸರ್ರನೆ ಒರೆಸಿದ ಕೂಡಲೇ ಒಳಗೆಲ್ಲ ಬೆಳ್ಳಿ ಬಳಿದ ಹಾಗೆ ಆಗುತ್ತಿದ್ದದ್ದು! ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಸಾರು ಮಾಡಿದರೆ ಕಿಲುಬು ಬಿಡುತ್ತದೆ. ಅದಕ್ಕೇ ಇವೆಲ್ಲ ಒಂದೊಂದಾಗಿ ಅಟ್ಟ ಸೇರಿದ್ದು.

ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಾ ಹೋದೆ. ಕಂಠದ ಕೆಳಗೆ ಅಕ್ಷರ ಕಾಣಿಸತೊಡಗಿದವು. ಸಣ್ಣ ಉಳಿ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ಬರೆದ ಚುಕ್ಕಿ ಅಕ್ಷರ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಪಾತ್ರೆ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಒಬ್ಬರು ವಯಸ್ಸಾದವರು ತಂಬಿಗೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು, ಚೀಟಿ ನೋಡಿಕೊಂಡು, ಟಕ್ ಟಕ್ ಎಂದು ಹೆಸರು ಹಾಕುತ್ತಿದ್ದರು. ಆಮೇಲೆ ಕರೆಂಟಿನ ಮೆಷಿನ್ ಬಂತು. ಅದರ ಅಕ್ಷರ ಗೀಚಿದ ಹಾಗಿರುತ್ತದೆ, ಬೇಗ ಸವೆಯುತ್ತದೆ. ಇವು ಹಾಗಲ್ಲ. ಒಂದು ಕೊಳದಪ್ಪಲೆಯಲ್ಲಿ 'ಚಿ|| ಸೌ||' ಅಂತ ದೊಡ್ಡದಾಗಿ ಶುರುವಾಗಿ, ಜಾಗ ಸಾಲದೆ ಅತ್ತೆಯ ಹೆಸರಿನ ಕೊನೆಯ ಅಕ್ಷರ ಕೆಳಗಿಳಿದಿದೆ. ಪಕ್ಕದಲ್ಲಿ 11-5-58.

ಗುಜರಿಯವನು ಹೇಳಿದ ಹೊತ್ತಿಗೇ ಬಂದ. ಹಂಡೆಯನ್ನು ತಕ್ಕಡಿಯ ಕೊಕ್ಕೆಗೆ ನೇತುಹಾಕಿದ. ಒಂಬತ್ತು ಕೆಜಿ ಚಿಲ್ಲರೆ.

"ಅದರ ಮೇಲೆ ಹೆಸರಿದೆ" ಅಂದೆ.

"ಹೆಸರಿದ್ರೂ ರೇಟು ಅದೇ ಅಮ್ಮ, ಕಮ್ಮಿ ಮಾಡಲ್ಲ. ಹೆಂಗಿದ್ರೂ ಕರಗಿಸೋದೇ ಅಲ್ವಾ?"

ಪಾಪ, ನನಗೆ ಸಮಾಧಾನವಾಗಲಿ ಅಂತಲೇ ಹೇಳಿದ್ದು. ನನಗೆ ಮಾತ್ರ ಗಂಟಲು ಕಟ್ಟಿತು. ಮುಂದಿನ ವಾರ ಬಾಪ್ಪ ಅಂತ ಹೇಳಿ, ಹಂಡೆ ಇಳಿಸಿಕೊಂಡು ಕಳಿಸಿದೆ.

ಮಗ ಫೋನಿನಲ್ಲಿ, "ಫೋಟೋ ತೆಗೆದಿಟ್ಟುಕೊಳ್ಳಮ್ಮ, ಸಾಕು" ಅಂದ. ಅವನು ಹೇಳೋದು ಸರಿಯೇ. ಆದರೂ ಸಾಲದು.

ಸಂಜೆ ಅತ್ತೆ ಜಗಲಿಯಲ್ಲಿ ಕೂತಿದ್ದರು. ಕಣ್ಣು ಈಗ ಅಷ್ಟಕ್ಕಷ್ಟೇ. ಒಂದೊಂದೇ ಪಾತ್ರೆ ಮಡಿಲಿಗೆ ಇಟ್ಟೆ. ಹೆಬ್ಬೆರಳನ್ನು ಚುಕ್ಕಿಗಳ ಮೇಲೆ ಆಡಿಸಿ ಹೇಳುತ್ತಾ ಹೋದರು. "ಇದು ಅರಕಲಗೂಡು ಸೋದರತ್ತೆದು. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡೇ ಬಂದಿದ್ರು." ಅಂಗೈಯಷ್ಟೂ ಇಲ್ಲದ ಒಂದು ತುಪ್ಪದ ಮಿಳ್ಳೆ. ಅದರ ಸುತ್ತ ಪೂರ್ತಿ ಹೆಸರು. "ನಂಜನಗೂಡು ದೊಡ್ಡಮ್ಮ. ಅವರಿಗೆ ಎರಡು ಹೊತ್ತು ಊಟಕ್ಕೇ ಕಷ್ಟ ಕಣೇ. ಆದ್ರೂ ಹೆಸರು ಹಾಕಿಸಿ ತಂದ್ರು." ಅದನ್ನು ಮಾತ್ರ ವಾಪಸ್ ಕೊಡಲಿಲ್ಲ, ಸೆರಗಿನಲ್ಲಿ ಒರೆಸುತ್ತಾ ಕೂತರು.

ಆಮೇಲೆ ಒಂದು ತಂಬಿಗೆ ಕೊಟ್ಟೆ. ಹೆಬ್ಬೆರಳು ಎರಡು ಸಲ ಹೋಗಿ ಬಂತು.

"ಇದು ನಮ್ಮದಲ್ಲ."

"ಮತ್ತೆ ಯಾರದು ಅತ್ತೆ?"

"ಹಿಂದಿನ ಬೀದಿ ಟೀಚರ್ ಮನೇದು. ನಿನ್ನ ನಾದಿನಿ ಮದುವೆಗೆ ತಂದಿದ್ವಿ."

ಆ ಮದುವೆ ಆಗಿದ್ದು 1984ರಲ್ಲಿ. ಆಗೆಲ್ಲ ಒಂದು ಮನೆಯಲ್ಲಿ ಮದುವೆ ಅಂದರೆ ಬೀದಿಯ ಪಾತ್ರೆಗಳೆಲ್ಲ ಅಲ್ಲಿ ಸೇರುತ್ತಿದ್ದವು. ಮುಗಿದ ಮೇಲೆ ಹೆಸರು ನೋಡಿ ನೋಡಿ ಮನೆಮನೆಗೆ ತಲುಪಿಸಬೇಕು. ಹೆಸರು ಹಾಕಿಸುತ್ತಿದ್ದದ್ದು ಅದಕ್ಕೂ ಹೌದು. ಇದೊಂದು ಉಳಿದುಬಿಟ್ಟಿದೆ. ನಲವತ್ತು ವರ್ಷ.

"ಟೀಚರ್ ಒಂದು ಸಲಾನೂ ಕೇಳಲಿಲ್ಲವಲ್ಲೇ" ಅಂದರು ಅತ್ತೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮನೆ ಬಿಡೋ ಮುಂಚೆ ಅದನ್ನ ಕೊಟ್ಟುಬಿಡು. ಇನ್ನೊಬ್ಬರ ಪಾತ್ರೆ ತಗೊಂಡು ಹೋಗಿ ಹೊಸ ಮನೇಲಿ ಹಾಲು ಉಕ್ಕಿಸಬಾರದು."

ಟೀಚರ್ ಹೋಗಿ ಆರೇಳು ವರ್ಷವಾಯಿತು. ಆ ಮನೆ ಈಗ ಹುಡುಗರ ಪಿ.ಜಿ. ಮಗಳು ಹಾಸನದಲ್ಲಿದ್ದಾಳೆ ಅಂತ ಮೂಲೆ ಮನೆಯವರು ಹೇಳಿದರು, ನಂಬರೂ ಕೊಟ್ಟರು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲ ಹೆಸರು ಬರೆದುಕೊಳ್ಳುತ್ತಿದ್ದೇನೆ. ಯಾರು, ಯಾವ ಊರು, ಏನು ಕೊಟ್ಟರು. 31 ಆಯಿತು. ಒಂದು ಗಂಗಾಳದ ಮೇಲೆ ಬರೀ 'ಸುಬ್ಬಿ' ಅಂತಿದೆ. ಅತ್ತೆಗೂ ಗೊತ್ತಾಗಲಿಲ್ಲ. ಹೊಸ ಅಡುಗೆಮನೆಯ ಕಪಾಟಿನಲ್ಲಿ ಹೆಚ್ಚೆಂದರೆ ಹತ್ತು ಇಡಬಹುದು. ಆ ಹತ್ತರಲ್ಲಿ ಸುಬ್ಬಿಯದನ್ನು ಸೇರಿಸಬೇಕು ಅಂತ ಯಾಕೋ ಅನ್ನಿಸುತ್ತಿದೆ. ಅವಳ ವಿಚಾರ ಗೊತ್ತಿರುವವರು ಯಾರೂ ಇಲ್ಲವಲ್ಲ.

ತಂಬಿಗೆ ಇಲ್ಲೇ ಮೇಜಿನ ಮೇಲಿದೆ, ದೀಪದ ಬೆಳಕಿಗೆ ಚೆನ್ನಾಗಿ ಹೊಳೆಯುತ್ತಿದೆ. ಸಂಜೆಯಿಂದ ಮೂರು ಸಲ ಫೋನು ಕೈಗೆತ್ತಿಕೊಂಡೆ. ಆ ಹುಡುಗಿಗೆ, ಹುಡುಗಿ ಏನು, ಅವಳಿಗೂ ಐವತ್ತು ದಾಟಿರುತ್ತದೆ, ಏನಂತ ಶುರು ಮಾಡಲಿ? ನಿಮ್ಮಮ್ಮನದೊಂದು ತಂಬಿಗೆ ನಮ್ಮನೇಲಿ