62 ಪ್ಯಾಕೆಟು, 17 ಮೂಲೆ

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಎಡೆಬಿಡದೆ ಮಳೆ ಸುರಿಯುತ್ತಿದ್ದಾಗ, ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪ್ಲಾಸ್ಟಿಕ್ ಸೇರುತ್ತದೆ ಎಂದು ಲೆಕ್ಕ ಹಿಡಿಯುವ ಹುಚ್ಚು ನನಗೆ ಹತ್ತಿತು. ದನದ ಹಟ್ಟಿ ಬರಿದಾಗಿ ಆರು ವರ್ಷವಾದುದರಿಂದ ದಿನಕ್ಕೆರಡು ಪ್ಯಾಕೆಟು ಹಾಲು ಕಾಸರಗೋಡು ಜಿಲ್ಲೆಯ ಪೆರ್ಲದ ಪೇಟೆಯಿಂದಲೇ ಬರುತ್ತಿತ್ತು. ತೊಳೆದು, ಒಣಗಿಸಿ, ಗೊಬ್ಬರದ ಗೋಣಿಯಲ್ಲಿ ತುಂಬಿಟ್ಟಿದ್ದ ಪ್ಯಾಕೆಟುಗಳನ್ನು ತಿಂಗಳ ಕೊನೆಗೆ ನೆಲದ ಮೇಲೆ ಸುರುವಿ ಎಣಿಸಿದೆ, 62 ಇದ್ದವು. ಆದರೆ ಹಾಲು ಸುರಿಯುವ ಮೊದಲು ಕತ್ತರಿಸಿ ತೆಗೆಯುತ್ತೇವಲ್ಲ, ಆ ಉಗುರಿನಷ್ಟಗಲದ ಮೂಲೆಗಳು ಸಿಕ್ಕಿದ್ದು 17 ಮಾತ್ರ.

ಉಳಿದ 45 ಮೂಲೆಗಳು ಎಲ್ಲಿ ಹೋದವು ಎಂಬುದನ್ನು ತಿಳಿಯಲು ಹೆಚ್ಚು ಹುಡುಕಬೇಕಾಗಲಿಲ್ಲ. ಕೆಲವು ತರಕಾರಿ ಸಿಪ್ಪೆಯೊಂದಿಗೆ ಗೊಬ್ಬರದ ಗುಂಡಿಗೆ ಹೋಗಿದ್ದವು, ಕೆಲವು ಪಾತ್ರೆ ತೊಳೆದ ನೀರಿನೊಂದಿಗೆ ಬಾಳೆಯ ಬುಡ ಸೇರಿದ್ದವು, ಮತ್ತೆ ಕೆಲವು ತೋಟದ ನೀರು ಹರಿಯುವ ಕಣಿಯಲ್ಲಿ ಕಸಕಡ್ಡಿಗೆ ಅಂಟಿಕೊಂಡಿದ್ದವು. ಕಣ್ಣಿಗೆ ಬೀಳದೆ ಉಳಿದವುಗಳ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಪಾಲಿಥೀನ್ ನೀರಿಗಿಂತ ಹಗುರವಾದುದರಿಂದ ಅದು ತಳದಲ್ಲಿ ಕೂರುವುದಿಲ್ಲ. ಒಂದು ಜೋರು ಮಳೆ ಬಂದರೆ ಕಣಿಯಿಂದ ತೋಡಿಗೆ, ತೋಡಿನಿಂದ ಶಿರಿಯಾ ಹೊಳೆಗೆ, ಅಲ್ಲಿಂದ ಕುಂಬಳೆಯ ಅಳಿವೆ ದಾಟಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಸಮುದ್ರ ನಮ್ಮ ಮನೆಯಿಂದ ಕಾಣುವುದಿಲ್ಲ, ಹಾಗಾಗಿ ಅದಕ್ಕೂ ನಮಗೂ ಸಂಬಂಧವಿಲ್ಲವೆಂದು ಗುಡ್ಡದ ಬದಿಯವರಾದ ನಾವು ತಿಳಿದುಕೊಂಡಿರುತ್ತೇವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಕಾಲವನ್ನು ಕಂಡ ಈ ಊರಿನವರಿಗೆ, ಮೇಲೆ ಬಿದ್ದದ್ದು ನೀರಿನೊಂದಿಗೆ ಕೆಳಗೆ ಹೋಗುತ್ತದೆ ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಕೇರಳದಲ್ಲಿ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬಂದು, ಐವತ್ತು ರೂಪಾಯಿ ಪಡೆದು, ಒಣ ಪ್ಲಾಸ್ಟಿಕ್ ಒಯ್ಯುತ್ತಾರೆ. ಅದು ದೊಡ್ಡ ಉಪಕಾರವೇ, ಆದರೆ ಗೋಣಿಗೆ ಬಾರದ್ದನ್ನು ಅವರು ಒಯ್ಯಲಾರರು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ನಿಷೇಧಿಸಿದ ಪಟ್ಟಿಯಲ್ಲಿ ಹಾಲಿನ ಪ್ಯಾಕೆಟು ಇಲ್ಲ. ಆದ್ದರಿಂದ ಈ ಮೂಲೆಯ ವಿಚಾರಣೆ ನಮ್ಮ ಅಡುಗೆಮನೆಯಲ್ಲೇ ಮುಗಿಯಬೇಕಾಗಿತ್ತು.

ಅದನ್ನು ಅತ್ತೆ ಒಂದೇ ದಿನದಲ್ಲಿ ಮುಗಿಸಿದರು. "ಮೂಲೆಯನ್ನು ಪೂರ್ತಿ ತುಂಡು ಮಾಡುವುದು ಯಾಕೆ ಮಗಾ, ಚೂರು ಸೀಳಿದರೆ ಹಾಲು ಬರುವುದಿಲ್ಲವಾ?" ಎಂದು ಕೇಳಿ, ಪೀಶಕತ್ತಿಯಿಂದ ಅರ್ಧ ಸೀಳಿ ತೋರಿಸಿದರು. ಮೂಲೆ ಪ್ಯಾಕೆಟಿಗೇ ಅಂಟಿಕೊಂಡು ಉಳಿಯಿತು. ಆಮೇಲೆ ನೆರೆಮನೆಯಲ್ಲಿ ದನ ಕರು ಹಾಕಿದಾಗ ಸ್ಟೀಲಿನ ಕ್ಯಾನು ಹಿಡಿದು ಅಲ್ಲಿಂದಲೇ ಹಾಲು ತರತೊಡಗಿದೆವು. ಈಗ ಪ್ಯಾಕೆಟು ಬೇಕಾಗುವುದು ನೆಂಟರು ಬಂದಾಗ ಮಾತ್ರ.

ಹಾಲಿನ ಮೂಲೆಯ ಬಳಿಕ ನನ್ನ ಕಣ್ಣು ಬಿದ್ದುದು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನ ಮೇಲೆ. ತಂದಾಗ ಬೆರಳಿನಷ್ಟು ದಪ್ಪವಿದ್ದದ್ದು ಎರಡು ತಿಂಗಳಲ್ಲಿ ದೋಸೆಯಷ್ಟು ತೆಳ್ಳಗಾಗಿತ್ತು. ಸವೆದುಹೋದ ಭಾಗವೆಲ್ಲ ಎಳೆಎಳೆಯಾಗಿ ನೀರಿನಲ್ಲಿ ಹೋಗಿರಬೇಕು. ಐದು ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಚೂರುಗಳನ್ನೇ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಮೀನುಗಳು ಅವನ್ನು ಆಹಾರದೊಂದಿಗೆ ನುಂಗುತ್ತವೆ. ಸುತ್ತಲೂ ತೆಂಗಿನಮರ ಇಟ್ಟುಕೊಂಡು ಅಂಗಡಿಯಿಂದ ಉಜ್ಜುವ ನಾರು ತರುತ್ತಿದ್ದೆವಲ್ಲ ಎಂದು ನಾಚಿಕೆಯೂ ಆಯಿತು. ತೆಂಗಿನ ಸಿಪ್ಪೆಯ ನಾರನ್ನು ಬಡಿದು ಮೃದು ಮಾಡಿಕೊಂಡರೆ ಕೆಲಸ ಚೆನ್ನಾಗಿಯೇ ಆಗುತ್ತದೆ, ನಾನ್‌ಸ್ಟಿಕ್ ಬಾಣಲೆಯೊಂದನ್ನು ಬಿಟ್ಟು. ಬಾಣಲೆಯ ಮಾತು ಬೇರೆ ದಿನಕ್ಕಿರಲಿ.

ಇನ್ನೂ ಬಗೆಹರಿಯದೆ ಉಳಿದಿರುವುದು ಅಂಗಳದ ಟಾರ್ಪಾಲು. ಹಿಂದೆ ಸೆಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಈಗ ಸೆಗಣಿಯೂ ಇಲ್ಲ, ಸಾರಿಸುವ ಕೈಗಳೂ ಇಲ್ಲ. ಸುಮಾರು ನಲವತ್ತು ದಿನ ಬಿಸಿಲಿಗೆ ಕಾದ ಹಳೆಯ ನೀಲಿ ಟಾರ್ಪಾಲನ್ನು ಈ ಸಲ ಮೇ ತಿಂಗಳಲ್ಲಿ ಎತ್ತಿದಾಗ ಅಂಚು ಅಂಗೈಯಲ್ಲೇ ಹಪ್ಪಳದಂತೆ ಪುಡಿಯಾಯಿತು. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಹರಿದು ಚೂರು ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮೊದಲ ಮಳೆ ಬರುವುದರೊಳಗೆ ಅಂಗಳವನ್ನು ಎರಡು ಸಲ ಗುಡಿಸಿ, ಸಿಕ್ಕಿದ ನೀಲಿ ಹುಡಿಯನ್ನು ಒಂದು ಗಾಜಿನ ಭರಣಿಯಲ್ಲಿ ತುಂಬಿಸಿಟ್ಟೆ. ಹೊಸ ಟಾರ್ಪಾಲನ್ನು ಅಡಿಕೆ ಒಣಗಿದ ದಿನವೇ ಮಡಚಿ ಅಟ್ಟಕ್ಕೆ ಏರಿಸಬೇಕೆಂಬ ತೀರ್ಮಾನವೂ ಆಗಿದೆ.

ಮುಂದಿನ ತಿಂಗಳು ಬಂದ ಹರಿತ ಕರ್ಮಸೇನೆಯ ಅಕ್ಕನಿಗೆ ಭರಣಿಯನ್ನು ಕೊಡಹೋದೆ. ಅವರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದರು. "ಇದನ್ನು ಯಾವ ಚೀಲಕ್ಕೆ ಹಾಕಲಿ ಅಕ್ಕಾ?" ಎಂದು ಕೇಳಿದರು. ಭರಣಿ ಈಗಲೂ ನಮ್ಮ ಅಡುಗೆಮನೆಯ ಕಿಟಕಿಯಲ್ಲೇ ಇದೆ.