ಹೊಳೆಬದಿ ಪಂಪು, 4–20 ಮಿಲಿಆಂಪ್

ಹೊಳೆಬದಿಯ ಪಂಪಿನ ವೇಗವನ್ನು ಗುಡ್ಡದ ಮೇಲಿನ ಮನೆಯಿಂದ ನಿಯಂತ್ರಿಸಬೇಕಾದರೆ ಡ್ರೈವಿಗೆ (ಫ್ರೀಕ್ವೆನ್ಸಿ ಬದಲಿಸಿ ಮೋಟರಿನ ವೇಗ ಏರಿಳಿಸುವ ಪೆಟ್ಟಿಗೆಗೆ) 0–10 ವೋಲ್ಟ್ ಸಿಗ್ನಲ್ ಬಿಟ್ಟು 4–20 ಮಿಲಿಆಂಪ್ ಸಿಗ್ನಲ್ ಹಿಡಿಯಿರಿ. ಉದ್ದ ವಯರಿನಲ್ಲಿ ವೋಲ್ಟೇಜ್ ಸಿಗ್ನಲ್ ಬೇಗ ಕೆಡುತ್ತದೆ, ಕರೆಂಟ್ ಮಾತ್ರ ಲೂಪಿನುದ್ದಕ್ಕೂ ಅಷ್ಟೇ ಇರುತ್ತದೆ. ಡ್ರೈವಿನಲ್ಲಿ 4 ಮಿಲಿಆಂಪಿಗೆ 0 ಹರ್ಟ್ಸ್, 20ಕ್ಕೆ 50 ಎಂದಿಟ್ಟರೆ 12ಕ್ಕೆ 25. ಮಿಲಿಆಂಪ್ ಪೂರಾ ಸೊನ್ನೆಯಾದರೆ ಎಲ್ಲೋ ಇಲಿ ವಯರ್ ಕಡಿದಿದೆ ಅಂತಲೇ ಲೆಕ್ಕ. 'ನಿಲ್ಲು' ಅನ್ನುವುದಕ್ಕೂ ಏನೂ ಹೇಳದಿರುವುದಕ್ಕೂ ಬೇರೆ ಬೇರೆ ಗುರುತು ಇಟ್ಟವರು ಭಾರಿ ಬುದ್ಧಿವಂತರು ಮಾರಾಯ್ರೆ!

ಮಲೆನಾಡಿನಲ್ಲಿ ಎಡವುವುದು ವಯರಿನಲ್ಲಲ್ಲ, ಏರಿನಲ್ಲಿ. ಹೆಡ್, ಅಂದರೆ ಪಂಪು ನೀರನ್ನು ಒತ್ತಿ ಏರಿಸಬಲ್ಲ ಎತ್ತರ, ವೇಗದ ವರ್ಗದಂತೆ ಇಳಿಯುತ್ತದೆ. ವಾಲ್ವ್ ಮುಚ್ಚಿದಾಗ 50 ಹರ್ಟ್ಸಿನಲ್ಲಿ 60 ಮೀಟರ್ ಒತ್ತುವ ಪಂಪು 40 ಹರ್ಟ್ಸಿಗೆ ಬಂದರೆ ಬರೀ 38.4. ತೋಟದ ಟ್ಯಾಂಕಿ 40 ಮೀಟರ್ ಎತ್ತರದಲ್ಲಿದ್ದರೆ ಮೋಟರ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಏರುವುದಿಲ್ಲ. ಪಂಪಿನ ಕೇಸಿಂಗಿನೊಳಗೇ ಕಡೆದು ಬಿಸಿಯಾಗಿ ಕೊನೆಗೆ ಸೀಲ್ ಹೋಗುತ್ತದೆ. ಹಾಗಾಗಿ ಡ್ರೈವಿನ ಕನಿಷ್ಠ ಫ್ರೀಕ್ವೆನ್ಸಿಯನ್ನು ನೀರು ನಿಜವಾಗಿ ಟ್ಯಾಂಕಿಗೆ ಬೀಳುವ ವೇಗಕ್ಕಿಂತ ತುಸು ಮೇಲೆಯೇ ಇಡಬೇಕು.

ಸಿಗ್ನಲಿಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ತಿರುಚಿದ ಜೋಡಿ ವಯರೇ ಬೇಕು, ಶೀಲ್ಡನ್ನು ಡ್ರೈವ್ ಕಡೆ ಮಾತ್ರ ಅರ್ತ್ ಮಾಡಿ. ಮೋಟರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ತೂರಿಸಬೇಡಿ. ಮುಂಗಾರಿನ ಗುಡುಗು ಶುರುವಾಗುವ ಮೊದಲೇ ಎರಡೂ ತುದಿಗೆ ಸರ್ಜ್ ಅರೆಸ್ಟರ್ (ಸಿಡಿಲಿನಿಂದ ನುಗ್ಗುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಹಾಕಿಬಿಡಿ.